ಜಪಾನಿನಿಂದ ಬಂದ ರಾಮ

ಅಕ್ಕಾ, ದಸರೆ ರಜೆಗೆ ಮೊಮ್ಮಕ್ಕಳು ಕೊಯಮತ್ತೂರಿನಿಂದ ಗೂಡಲೂರಿಗೆ ಬರ್ತಾರಂತಲ್ಲ? ಹಾಗಾದರೆ ಸ್ವಲ್ಪ ಬೇಲಿ ಹತ್ತಿರ ಬನ್ನಿ, ಒಂದು ಮಾತು ಹೇಳಬೇಕು. ಹಿಂದೆ ಟಿವಿಯಲ್ಲಿ ಒಂದು ಕಾರ್ಟೂನ್ ರಾಮಾಯಣ ಬರ್ತಿತ್ತು, ನೆನಪಿದೆಯಾ? ದೊಡ್ಡ ಕಣ್ಣಿನ ರಾಮ, ಬೆಟ್ಟದಷ್ಟು ಎತ್ತರದ ಕುಂಭಕರ್ಣ. ಮಾತೆಲ್ಲ ಇಂಗ್ಲಿಷು, ಹಾಡು ಶುರುವಾದರೆ ಸಂಸ್ಕೃತ! ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಅಂತ ಅದರ ಹೆಸರು. ಮೊನ್ನೆ ಮತ್ತೆ ಪೂರ್ತಿ ನೋಡಿದೆ. ಆಗ ವಿಚಿತ್ರ ಅನ್ನಿಸಿದ್ದೆಲ್ಲ ಈಗ ಎಷ್ಟು ಚೆಂದ ಕಾಣುತ್ತೆ ಅಂತೀರಿ!

ಮಾಡಿಸಿದವರು ಜಪಾನಿನ ಯುಗೊ ಸಾಕೊ. ಪುರಾತತ್ವಜ್ಞ ಬಿ.ಬಿ. ಲಾಲ್ ಅವರ ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ತೆಗೆಯೋಕೆ 1983ರಲ್ಲಿ ನಮ್ಮ ದೇಶಕ್ಕೆ ಬಂದವರನ್ನ ರಾಮನ ಕಥೆ ಹಿಡಿದುಬಿಡ್ತು. ರಾಮ ದೇವರು, ನಟನೊಬ್ಬ ವೇಷ ಹಾಕೋದಕ್ಕಿಂತ ಚಿತ್ರ ಬರೆದು ತೋರಿಸೋದೇ ಸರಿ ಅಂತ ಅವರ ಮನಸ್ಸು. ಪರದೇಶದವರು ರಾಮನನ್ನ ಕಾರ್ಟೂನ್ ಮಾಡೋದಾ ಅಂತ ಇಲ್ಲಿ ವಿರೋಧ ಬಂತು. ಅವರು ಬಿಡಲಿಲ್ಲ. ಬಹುಪಾಲು ಕೆಲಸ ಜಪಾನಿನಲ್ಲೇ ನಡೆದು 1992ರಲ್ಲಿ ಸಿನಿಮಾ ಸಿದ್ಧವಾಯ್ತು. ನಮ್ಮ ರಾಮ್ ಮೋಹನ್ ನಿರ್ದೇಶನಕ್ಕೆ ಕೈಜೋಡಿಸಿದರು, ವನರಾಜ್ ಭಾಟಿಯಾ ಸಂಗೀತ ಕೊಟ್ಟರು. ಪಂಚೆ ಉಡೋದು ಹೇಗೆ, ಮಕ್ಕಳು ಹಿರಿಯರ ಆಶೀರ್ವಾದ ಪಡೆಯೋದು ಹೇಗೆ ಅಂತ ನಮ್ಮ ಕಲಾವಿದರು ಅಲ್ಲಿಯವರಿಗೆ ತೋರಿಸಿಕೊಟ್ಟರಂತೆ. ಎಲ್ಲ ಕೈಯಲ್ಲೇ ಬರೆದ ಚಿತ್ರ, ಅಕ್ಕಾ. ರಾಮ ತಲೆ ಬಾಗಿಸೋದನ್ನ ನೋಡಿದರೆ ಸಾಕು, ಆ ಶ್ರದ್ಧೆ ಗೊತ್ತಾಗುತ್ತೆ.

2025ರ ಜನವರಿಯಲ್ಲಿ ಅದನ್ನ ಹೊಸದಾಗಿ ಶುದ್ಧಮಾಡಿ ಥಿಯೇಟರಿಗೆ ತಂದರು. ಇಂಗ್ಲಿಷಿನ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲೂ ಬಂತು. ನಿಮ್ಮ ಮೊಮ್ಮಕ್ಕಳು ತಮಿಳಿನಲ್ಲೇ ಓದೋರು, ಅವರಿಗೆ ತಮಿಳಿಂದು ಸುಲಭ. ಆದರೆ ನೀವು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕಥೆ ಹೇಳ್ತಾ ಹೋಗಿ. ಶಾಲೆಯಲ್ಲಿ ತಮಿಳು, ಪೇಟೆಯಲ್ಲಿ ಮಲಯಾಳ ಕೇಳಿಸೋ ನಮ್ಮೂರಲ್ಲಿ ಕನ್ನಡ ಮಕ್ಕಳ ಕಿವಿಗೆ ಬೀಳಬೇಕಾದರೆ ಅದು ಮನೆಯವರ ಬಾಯಿಂದಲೇ. ಸಿನಿಮಾ ಎರಡೂಕಾಲು ಗಂಟೆ. ಒಂದೇ ಸಲಕ್ಕೆ ಮುಗಿಸಬೇಡಿ, ದಿನಕ್ಕಿಷ್ಟು ತೋರಿಸಿ. ಕುಂಭಕರ್ಣ ಏಳೋ ಹೊತ್ತಿಗೆ ನಿಲ್ಲಿಸಿ, ಮುಂದೇನಾಗುತ್ತೆ ಅಂತ ಅವರನ್ನೇ ಕೇಳಿ. ಉತ್ತರ ಯಾವ ಭಾಷೆಯಲ್ಲಾದರೂ ಬರಲಿ, ನೀವು ಮಾತ್ರ ಕನ್ನಡ ಬಿಡಬೇಡಿ.