ಧರ್ಮಾಂಬುಧಿಗೆ ಒಂದೊಂದೇ ಹನಿ

ಮೆಜೆಸ್ಟಿಕ್ ಬಸ್ ನಿಲ್ದಾಣ ಎದ್ದಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಬತ್ತಿದ ಆ ಕೆರೆಯನ್ನು ಮತ್ತೆ ತುಂಬಿಸುವ ಹೊಣೆಯನ್ನು ನಮ್ಮ ಭಾವನವರ ಹಳೇ ಬೈಕು ಹೊತ್ತುಕೊಂಡಿತ್ತು, ಆಯಿಲ್‌ನಲ್ಲಿ. ಗಾಂಧಿನಗರದಲ್ಲಿ ಎಲ್ಲಿ ನಿಲ್ಲಿಸಿದರೂ ಕೆಳಗೆ ಎಂಟಾಣೆಯಗಲದ ಕಪ್ಪು ಬೊಟ್ಟು. "ಲೀಕ್ ಅಲ್ಲ ಕಣೋ, ಒಳಗೆ ಆಯಿಲ್ ಇದೆ ಅನ್ನೋದಕ್ಕೆ ಸಾಕ್ಷಿ" ಅನ್ನುವುದು ಭಾವನವರ ವಾದ.

ಉಪ್ಪಾರಪೇಟೆ ಕಡೆಯ ಮೆಕ್ಯಾನಿಕ್ ವಾದಕ್ಕಿಳಿಯಲಿಲ್ಲ. ಎಂಜಿನ್ನಿನ ತಳವನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, "ಸಾರ್, ಮನೇಲಿ ಮುಖಕ್ಕೆ ಹಾಕೋ ಪೌಡರ್ ತನ್ನಿ" ಅಂದ. ಅಕ್ಕನ ಡಬ್ಬಿ ಬಂತು. ಮದುವಣಗಿತ್ತಿಯ ಹಾಗೆ ಪೌಡರ್ ಬಳಿದುಕೊಂಡ ಬೈಕು ಆನಂದರಾವ್ ಸರ್ಕಲ್ ಸುತ್ತಿ ಬಂದಾಗ, ಡ್ರೈನ್ ಬೋಲ್ಟ್ ಸುತ್ತ ಮಾತ್ರ ಬಿಳುಪು ನೆನೆದು ಕಪ್ಪಾಗಿತ್ತು. ಕಳ್ಳ ಸಿಕ್ಕಿಬಿದ್ದ!

ಇಲ್ಲಿ ಬೋಲ್ಟನ್ನು ಇನ್ನಷ್ಟು ಬಿಗಿಯುವ ಶೂರರೇ ಹೆಚ್ಚು. ಅಲ್ಯೂಮಿನಿಯಂ ಥ್ರೆಡ್ಡು ಕಿತ್ತುಹೋದ ಮೇಲೇ ಅವರಿಗೆ ಸಮಾಧಾನ. ಬೇಕಿದ್ದುದು ಹೊಸದೊಂದು ತಾಮ್ರದ ವಾಷರ್. ಹಳೆಯದು ಬಿಗಿದೂ ಬಿಗಿದೂ ಚಪ್ಪಟೆಯಾಗಿತ್ತು. ಜೆ.ಸಿ. ರಸ್ತೆಯಲ್ಲಿ ಅದರ ಬೆಲೆ ಒಂದು ಬೈಟೂ ಕಾಫಿಗಿಂತ ಕಡಿಮೆ.

ಲೀಕ್ ನಿಂತಿದೆ. ಖರ್ಚಿನ ಲೆಕ್ಕದಲ್ಲಿ ಪೌಡರ್ ಡಬ್ಬಿಯೇ ದುಬಾರಿ ಬಿತ್ತು. ಅಕ್ಕ ಇನ್ನೂ ವಸೂಲಿ ನಿಲ್ಲಿಸಿಲ್ಲ.