ಸರ್ವರ್ ರೂಮಿನ ನಿಂಬೆಹಣ್ಣು

ತಮ್ಮಾ, ಸಿಸ್ಟಂ ಅಡ್ಮಿನ್ ಕೆಲಸ ಸಿಕ್ಕಿತಂತೆ, ಸಂತೋಷ. ಅದೇ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸಿ ತಲೆ ಬೋಳಾದವನು ನಾನು. ನಾಲ್ಕು ಮಾತು ಹೇಳುತ್ತೇನೆ, ಪುಕ್ಕಟೆ.

ಕೆಲಸವನ್ನು ಚೆನ್ನಾಗಿ ಮಾಡಬೇಡ. ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದಿದ್ದರೆ, ಇವನಿಗೆ ಯಾಕೆ ಸಂಬಳ ಎಂದು ಮ್ಯಾನೇಜರ್ ಕೇಳುತ್ತಾನೆ. ಅದೇ ಸೋಮವಾರ ಬೆಳಗ್ಗೆ ಮೇಲ್ ಸರ್ವರ್ ಮಲಗಲಿ, ನೀನು ರಾತ್ರಿ ಎರಡರವರೆಗೆ ಕೂತು ಎಬ್ಬಿಸು, ಮರುದಿನ ಚಪ್ಪಾಳೆ! ನಮ್ಮ ಕಚೇರಿಯಲ್ಲಿ ಒಬ್ಬನಿಗೆ ಮೂರು ಸಲ 'ತಿಂಗಳ ವೀರ' ಬಹುಮಾನ ಬಂತು. ಮೂರು ಸಲವೂ ತುಂಬಿ ನಿಂತದ್ದು ಅದೇ ಡಿಸ್ಕು.

ಇನ್ನು ಬ್ಯಾಕಪ್ಪು. ಧಾರಾಳವಾಗಿ ತೆಗೆ. ಆದರೆ ಅದರಿಂದ ಡೇಟಾ ವಾಪಸ್ ಬರುತ್ತದೋ ಎಂದು ಮಾತ್ರ ಪರೀಕ್ಷಿಸಬೇಡ. ಆಯುಧಪೂಜೆಗೆ ರ್‍ಯಾಕಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುತ್ತೇವಲ್ಲ, ಅದು ಕೆಲಸ ಮಾಡುತ್ತಿದೆಯೇ ಎಂದು ಯಾರಾದರೂ ತೆರೆದು ನೋಡಿದ್ದಾರೆಯೇ? ಬ್ಯಾಕಪ್ಪೂ ಹಾಗೆಯೇ, ನಂಬಿಕೆಯ ವಿಷಯ.

ಈ ಭಕ್ತಿಮಾರ್ಗದಲ್ಲಿ, ಜಗತ್ತಿನ ಕೋಡನ್ನು ಕಾಪಿಡುವ ಗಿಟ್‌ಲ್ಯಾಬ್ ಕಂಪನಿಯವರು ನಮಗೆಲ್ಲ ಗುರುಗಳು. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರೊಬ್ಬರು ನಕಲು ಡೇಟಾಬೇಸ್ ಎಂದುಕೊಂಡು ಅಸಲನ್ನೇ ಅಳಿಸತೊಡಗಿದರು. ಒಂದೆರಡು ಸೆಕೆಂಡಿನಲ್ಲಿ ಎಚ್ಚೆತ್ತು ನಿಲ್ಲಿಸಿದರೂ, ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗೆ ಐದು ದಾರಿಗಳಿದ್ದವು, ಐದರಲ್ಲಿ ಒಂದೂ ನೆಟ್ಟಗಿರಲಿಲ್ಲ. ದಿನವೂ ಕ್ಲೌಡಿಗೆ ಹೋಗಬೇಕಿದ್ದ ಪ್ರತಿ, ಡೇಟಾಬೇಸ್ 9.6ನೇ ಆವೃತ್ತಿಯದಾಗಿದ್ದು ಪ್ರತಿ ತೆಗೆಯುವ ಸಾಧನ 9.2ರದಾಗಿದ್ದರಿಂದ, ಸದ್ದಿಲ್ಲದೆ ಕೈಕೊಡುತ್ತಿತ್ತು. ಸದ್ದಿಲ್ಲದೆ ಎಂದರೆ ತಪ್ಪಾದೀತು. ಅದು ಪಾಪ, ಕೆಟ್ಟಿದ್ದೇನೆ ಎಂದು ಮೇಲ್ ಕಳಿಸುತ್ತಲೇ ಇತ್ತು, ಮೇಲ್ ವ್ಯವಸ್ಥೆ ಅದನ್ನು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸುತ್ತಿತ್ತು. ಕೊನೆಗೆ ಮಾನ ಉಳಿಸಿದ್ದು ಬೇರೇನೋ ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್.

ಅವರು ಇದನ್ನೆಲ್ಲ ತಾವೇ ಬರೆದು ಪ್ರಕಟಿಸಿದರು, ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಆ ಚಾಳಿ ಮಾತ್ರ ಕಲಿಯಬೇಡ. ನಮ್ಮ ಕಡೆ ಇಂಥದ್ದಕ್ಕೆ 'ನೆಟ್‌ವರ್ಕ್ ಪ್ರಾಬ್ಲಮ್' ಎಂಬ ಮುದ್ದಾದ ಹೆಸರಿದೆ.

ಪಾಸ್‌ವರ್ಡನ್ನು 90 ದಿನಕ್ಕೊಮ್ಮೆ ಬದಲಿಸುವ ಶಾಸ್ತ್ರ ಬಿಡಬೇಡ. ಸೋರಿಕೆಯ ಸುಳಿವಿಲ್ಲದೆ ಸುಮ್ಮನೆ ಬದಲಿಸಲು ಜನರನ್ನು ಪೀಡಿಸಬೇಡಿ ಎಂದು ಅಮೆರಿಕದ ನಿಸ್ಟ್ ಸಂಸ್ಥೆ 2017ರಲ್ಲೇ ಹೇಳಿತು. ಹೇಳಲಿ, ಅವರೇನು ನಮ್ಮ ಆಡಿಟರ್‌ಗೆ ಉತ್ತರ ಕೊಡುತ್ತಾರೆಯೇ? ನಮ್ಮ ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರು 'ಗಣೇಶ@1'ರಲ್ಲಿ ಹೊರಟು 'ಗಣೇಶ@37' ತಲುಪಿದ್ದಾರೆ. ಅವರಿಗೆ ಒಂಬತ್ತು ವರ್ಷ ಸರ್ವೀಸು ಆಯಿತೆಂದು ಕೀಬೋರ್ಡ್ ಎತ್ತಿ ಚೀಟಿ ನೋಡಿದವರೆಲ್ಲ ಹೇಳಬಲ್ಲರು.

ಅಪ್‌ಡೇಟ್ ಬಂದರೆ ಒಂದೆರಡು ಯಂತ್ರಗಳಲ್ಲಿ ಮೊದಲು ಹಾಕಿ ನೋಡುವ ಹೇಡಿತನ ಬೇಡ, ಎಲ್ಲಕ್ಕೂ ಒಟ್ಟಿಗೆ ಹಾಕು, ಅದೂ ಶುಕ್ರವಾರ. 2024ರ ಜುಲೈ 19ರ ಶುಕ್ರವಾರ ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ಫೈಲಿಗೆ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಯಾಗಿ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಜಗತ್ತಿನ ಅಡ್ಮಿನ್‌ಗಳು ಒಂದೊಂದೇ ಯಂತ್ರದ ಮುಂದೆ ಕುಕ್ಕರಿಸಿ, ಸೇಫ್ ಮೋಡಿಗೆ ಹೋಗಿ, ಆ ಫೈಲನ್ನು ಕೈಯಾರೆ ಅಳಿಸಿದರು.

ಸರಿಯಾಗಿ ಒಂದು ವಾರಕ್ಕೆ ಸಿಸ್ಟಂ ಅಡ್ಮಿನ್‌ಗಳಿಗೆ ಕೃತಜ್ಞತೆ ಹೇಳುವ ದಿನ ಬಂತು. ಜುಲೈನ ಕೊನೆಯ ಶುಕ್ರವಾರ, 2000ದಿಂದಲೂ ನಡೆದುಬಂದ ಹಬ್ಬ. ನಮ್ಮ ಎಚ್‌ಆರ್ ಮೇಡಂ ಅಷ್ಟೂ ಸಿಬ್ಬಂದಿಗೆ ನಮ್ಮ ಫೋಟೋ ಹಾಕಿದ ಶುಭಾಶಯದ ಮೇಲ್ ಕಳಿಸಿದರು, ಒಂದೊಂದಕ್ಕೂ 18 ಎಂಬಿ ಲಗತ್ತು. ಮಧ್ಯಾಹ್ನದ ಹೊತ್ತಿಗೆ ಅದೇ ಡಿಸ್ಕು ತುಂಬಿ ಮೇಲ್ ಸರ್ವರ್ ಮಲಗಿತು.

ನಮ್ಮ ವೀರನಿಗೆ ನಾಲ್ಕನೆಯ ಬಹುಮಾನ.