ಮತ್ತೆ ರಾಮೋಜಿಗೇನ್ರಿ?

ಈ ವರ್ಷ ನಾನು ಕೈಯಲ್ಲಿ ಚೀಲ ಹಿಡಿದು ಹೊರಬಿದ್ದಾಗೆಲ್ಲ ಬೇಲಿ ಆಚೆಯಿಂದ ಇದೇ ಪ್ರಶ್ನೆ. ಹೌದ್ರಿ, ಮತ್ತೆ ರಾಮೋಜಿಗೇ. ಸೇಡಂನವರಿಗೆ ಹೈದರಾಬಾದ್ ಅಂದ್ರೆ ದವಾಖಾನೆ, ಮದುವೆ ಜವಳಿ, ನೆಂಟರ ಮನೆ. ನಾನು ನಾಲ್ಕನೆಯದೊಂದು ಸೇರಿಸಿಕೊಂಡಿದ್ದೇನೆ, ಅಷ್ಟೆ.

ಬೆಂಗಳೂರಿನವರು ಬಿಡದಿಯ ವಂಡರ್‌ಲಾಗೆ ಹೋಗ್ತಾರೆ, ಮೈಸೂರಿನವರಿಗೆ ಜಿಆರ್‌ಎಸ್ ಇದೆ. ನಮಗೆ ಬೆಂಗಳೂರು ಅಂದ್ರೆ ಒಂದು ರಾತ್ರಿ ಪೂರಾ ರೈಲಿನಲ್ಲೇ ಕಳೀಬೇಕು. ಹೈದರಾಬಾದ್ ಹಾಗಲ್ಲ ನೋಡ್ರಿ. 1874ರಲ್ಲಿ ನಿಜಾಮರ ಕಾಲಕ್ಕೆ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದಾಗಲೇ ನಮ್ಮ ಮುಖ ಯಾವ ಕಡೆ ಅಂತ ತೀರ್ಮಾನ ಆಗಿಹೋಯ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ, ಖರೆ. ಆದರೂ ಗಾಡಿ ಹತ್ತಿ ಕೂತ್ರೆ ತಾಂಡೂರು, ವಿಕಾರಾಬಾದ್ ಅಂತ ಊರುಗಳು ತಾವಾಗಿಯೇ ಬರ್ತಾವೆ. ವಿಕಾರಾಬಾದ್ ಹತ್ತಿರ ಅನಂತಗಿರಿ ಗುಡ್ಡ ಸಿಗುತ್ತಲ್ಲ, ಮೂಸಿ ನದಿ ಹುಟ್ಟೋದು ಅಲ್ಲೇ. ಮಳೆಗಾಲದಲ್ಲಿ ಆ ಕಡೆಯ ಕಿಟಕಿ ಸೀಟು ಸಿಕ್ಕರೆ ಅರ್ಧ ಪ್ರವಾಸ ಅಲ್ಲೇ ಮುಗಿದಂಗೆ.

ನಾಂಪಲ್ಲಿಯಲ್ಲಿ ಇಳಿದ್ರೆ ಪಕ್ಕದಲ್ಲೇ ಮೆಟ್ರೊ. ಕೆಂಪು ಮಾರ್ಗದ ಗಾಡಿ ಎಲ್‌ಬಿ ನಗರದವರೆಗೆ ಒಯ್ದು ಬಿಡುತ್ತೆ. ಅಲ್ಲಿಂದ ವಿಜಯವಾಡ ರಸ್ತೆಯಲ್ಲಿ ಹಯಾತ್‌ನಗರ ದಾಟಿದ್ರೆ ರಾಮೋಜಿ ಫಿಲ್ಮ್ ಸಿಟಿ. 1996ರಲ್ಲಿ ಶುರುವಾದದ್ದು. ಗಿನ್ನೆಸ್ ದಾಖಲೆಯಲ್ಲಿ 1,666 ಎಕರೆ ಅಂತ ಬರೆದಿದ್ದಾರೆ. ಅಷ್ಟು ಜಾಗವನ್ನ ಒಂದೇ ದಿನದಲ್ಲಿ ನೋಡಿ ಮುಗಿಸಿದ್ವಿ ಅನ್ನೋ ಮಂದಿಯನ್ನ ಕಂಡ್ರೆ ನನಗೆ ಕೈ ಹಿಡಿದು ವಾಪಸ್ ಕರೆದುಕೊಂಡು ಹೋಗಬೇಕು ಅನಿಸುತ್ತೆ. ಮೊದಲನೇ ಸಲ ಹೋದವರು ನೋಡೋದು ಸೆಟ್ಟಿನ ಮುಖ. ಎರಡನೇ ಸಲ ಹೋದ್ರೆ ಬೆನ್ನು ಕಾಣಿಸುತ್ತೆ. ಆಮೇಲೆ ಹೋದಂಗೆಲ್ಲ ಕಾಣೋದು ಕೈಗಳು, ಅದನ್ನ ಕಟ್ಟಿದವರದ್ದು, ಬಣ್ಣ ಬಳಿದವರದ್ದು, ದಿನಾ ಒರೆಸಿ ಇಡೋರದ್ದು.

ಅಲ್ಲಿ ಮೃಗಗಳ ಆಕಾರಕ್ಕೆ ಗಿಡ ಕತ್ತರಿಸಿದ ತೋಟ ಒಂದಿದೆ ನೋಡ್ರಿ. ಎಲ್ಲರೂ ಅದರ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಂಡು ಮುಂದೆ ಹೋಗ್ತಾರೆ. ನಾನು ಆ ಗಿಡದ ಆನೆಯನ್ನ ಬೇಸಿಗೆಯಲ್ಲೂ ನೋಡಿದೆ, ಶ್ರಾವಣದಲ್ಲೂ ನೋಡಿದೆ. ಬಿಸಿಲಿಗೆ ಸೊರಗಿ ಒಳಗಿನ ತಂತಿ ಕಾಣ್ತಿತ್ತು. ಮಳೆ ಹಿಡಿದ ಮೇಲೆ ಕಿವಿ ಮೇಲೆಲ್ಲ ಎಳೆ ಚಿಗುರು ಎದ್ದು, ಮಾಲಿ ಏಣಿ ಹಾಕಿ ದೊಡ್ಡ ಕತ್ತರಿಯಿಂದ ಅದನ್ನ ಸವರುತ್ತಿದ್ದ. ಒಂದು ಕಿವಿ ಆಗಿತ್ತು, ಇನ್ನೊಂದು ಬಾಕಿ. ಅವನು ಕೆಳಗಿಳಿದು, ಹತ್ತು ಹೆಜ್ಜೆ ಹಿಂದೆ ಬಂದು, ಎರಡೂ ಕಿವಿ ಸಮ ಇದಾವೇನು ಅಂತ ತಲೆ ಓರೆ ಮಾಡಿ ನೋಡಿ ಮತ್ತೆ ಏಣಿ ಹತ್ತಿದ. ಒಳಗೆ ಸುತ್ತಿಸೋ ಬಸ್ಸು ಹೋದ್ರೆ ಹೋಗಲಿ ಅಂತ ನಿಂತೆ. ಇನ್ನೊಂದು ಬಸ್ಸು ಬಂದೇ ಬರುತ್ತಲ್ಲ?

ಇನ್ನು ಗೋಡೆಗಳ ಮಾತು. ಶಹಾಬಾದ್ ಸೀಮೆಯಲ್ಲಿ ಹುಟ್ಟಿದವರಿಗೆ ಕಲ್ಲು ಕಂಡ್ರೆ ಬೆರಳ ಗೆಣ್ಣು ಸುಮ್ಮನಿರಲ್ಲ. ಛಲೋ ಪರಸಿ ಬಡಿದ್ರೆ ಟಣ್ ಅನ್ನುತ್ತೆ, ಬಿರುಕು ಬಿಟ್ಟಿದ್ರೆ ಮಂಕಾಗಿ ಮಾತಾಡುತ್ತೆ. ನಮ್ಮ ಸೋದರಮಾವ ಜೊತೆಗೆ ಬಂದಾಗ ಬಾಹುಬಲಿ ಸೆಟ್ಟಿನಲ್ಲಿ ಹಂಗೇ ಬಡಿದರು. ಡಬ್ ಡಬ್! ಒಳಗೆ ಪೊಳ್ಳು. ಅವರಿಗೆ ಬೇಸರ ಆಯ್ತೇನೋ ಅಂದುಕೊಂಡೆ. ಇಲ್ಲ, ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ ನೋಡ್ತಾನೇ ನಿಂತರು. ಮಳೆನೀರು ಇಳಿದ ಕಪ್ಪು ಗೆರೆ, ಸಂದಿಯಲ್ಲಿ ಪಾಚಿ, ಮೂಲೆ ಸವೆದದ್ದು, ಎಲ್ಲಾ ಬಣ್ಣದಲ್ಲೇ ಮಾಡಿದ್ದು. 'ಕಲ್ಲು ಗೊತ್ತಿದ್ದವನೇ ಇದನ್ನ ಮಾಡ್ಯಾನ' ಅಂದ್ರು. ಸಿನಿಮಾದ ಆ ಮಾಹಿಷ್ಮತಿ ರಾಜ್ಯದ ಹಿಂದಿದ್ದ ಕಲಾ ನಿರ್ದೇಶಕರು ಸಾಬು ಸಿರಿಲ್. ನಮ್ಮ ಮಾವನ ಬಾಯಿಂದ ಇಂಥ ಹೊಗಳಿಕೆ ಸಿಗೋದು ಭಾಳ ಕಷ್ಟ ನೋಡ್ರಿ, ಮನೆಗೆ ಹಾಕಿಸಿದ ಟೈಲ್ಸನ್ನ ಅವರು ಇವತ್ತಿಗೂ ಒಪ್ಪಿಲ್ಲ.

ಈ ಪೊಳ್ಳು ಗೋಡೆ ನೋಡಿದಾಗೆಲ್ಲ ನನಗೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆ ನೆನಪಾಗುತ್ತೆ. ಜಾತ್ರೆಯ ಫೋಟೊ ಸ್ಟುಡಿಯೊಗಳಲ್ಲಿ ತಾಜ್‌ಮಹಲಿನ ಪರದೆ ಇರ್ತಿತ್ತಲ್ಲ? ನಮ್ಮವ್ವ ಅದರ ಮುಂದೆ ನಿಲ್ಲೋಕೆ ಮುಂಚೆ ಸೆರಗು ಸರಿ ಮಾಡಿಕೊಂಡು, ಚಪ್ಪಲಿ ಬದಿಗಿಟ್ಟು ಬಂದಿದ್ಲು. ಅದು ಬಟ್ಟೆ ಅಂತ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ದೊಡ್ಡ ಜಾಗದ ಮುಂದೆ ನಿಂತೀವಿ ಅಂದ್ಮೇಲೆ ಮರ್ಯಾದೆಯಿಂದ ನಿಲ್ಲಬೇಕಲ್ಲ. ಆ ಫೋಟೊ ಇನ್ನೂ ನಮ್ಮ ದೇವರ ಮನೆಯ ಬಾಗಿಲ ಮೇಲಿದೆ.

ಎಲ್ಲಿದ್ದೆ? ಹಾಂ, ಸೆಟ್ಟು. ಅಲ್ಲೊಂದು ರೈಲ್ವೆ ಸ್ಟೇಷನ್ನೂ ಇದೆ. ಸಿನಿಮಾಕ್ಕೆ ತಕ್ಕಂಗೆ ಊರಿನ ಬೋರ್ಡು ಬದಲಾಗುತ್ತೆ. ನಮ್ಮ ಗೆಳೆಯರೊಬ್ಬರು ವಾಡಿ ಜಂಕ್ಷನ್ನಿನಲ್ಲಿ ನೌಕರಿ ಮಾಡಿ ರಿಟೈರ್ ಆದವರು. ಮುಂಬೈ ಕಡೆಯ ಗಾಡಿ, ಚೆನ್ನೈ ಕಡೆಯ ಗಾಡಿ, ಹೈದರಾಬಾದ್ ಕಡೆಯ ಗಾಡಿ ಅಂತ ಹಗಲು ರಾತ್ರಿ ಕಿವಿಯಲ್ಲಿ ತುಂಬಿಕೊಂಡ ಜೀವ. ಈ ಪ್ಲಾಟ್‌ಫಾರ್ಮಿಗೆ ಬಂದವರೇ ಮೊದಲು ಸಿಗ್ನಲ್ ಎಲ್ಲಿದೆ ಅಂತ ಹುಡುಕಿದ್ರು, ಆಮೇಲೆ ಬೆಂಚಿನ ಮೇಲೆ ಕೂತ್ರು. ಎಷ್ಟೋ ಹೊತ್ತು ಎದ್ದೇಳಲಿಲ್ಲ. 'ಲೇಟಾಗೋ ಚಿಂತಿಲ್ಲದ ಸ್ಟೇಷನ್ ಇದೊಂದೇ ನೋಡಪ್ಪ' ಅಂದ್ರು. ಆ ಮನುಷ್ಯನ ಮುಖದಲ್ಲಿ ಅಷ್ಟು ಆರಾಮು ನಾನು ವಾಡಿಯಲ್ಲಿ ಒಂದಿನವೂ ಕಂಡಿರಲಿಲ್ಲ.

ನನ್ನ ಮೆಚ್ಚಿನ ಜಾಗ ಮಾತ್ರ ಮೂವಿ ಮ್ಯಾಜಿಕ್. ಬಂದ ಜನರಲ್ಲೇ ಒಬ್ಬ ಹೆಣ್ಣುಮಗಳನ್ನ ಕರೆದು 'ಶೋಲೆ'ಯ ಬಸಂತಿ ಮಾಡ್ತಾರೆ. ಟಾಂಗಾ ಇದೆ, ಕುದುರೆ ಇಲ್ಲ. ಇಬ್ಬರು ನಿಂತು ಟಾಂಗಾ ಅಲ್ಲಾಡಿಸ್ತಾರೆ, ಆಮೇಲೆ ಇನ್ನಷ್ಟು ಜನರನ್ನ ಕರೆದು ಶಬ್ದ ಮಾಡಿಸ್ತಾರೆ. ಕೊನೆಗೆ ಎಲ್ಲಾ ಕೂಡಿಸಿ ತೆರೆ ಮೇಲೆ ತೋರಿಸಿದ್ರೆ ಆಹಾ, ಡಕಾಯಿತರು ಬೆನ್ನಟ್ಟಿದ್ದಾರೆ, ಟಾಂಗಾ ಓಡ್ತಿದೆ! 1975ರ ಆ ಸಿನಿಮಾ ಚಿತ್ರೀಕರಣ ಆದದ್ದು ನಮ್ಮ ರಾಮನಗರದ ಬಂಡೆಗಳಲ್ಲೇ ಅನ್ನೋದು ನಿಮಗೆ ಗೊತ್ತೇ ಇದೆ. ಒಂದ್ಸಲ ಚಿತ್ತಾಪುರದ ಕಡೆಯ ಅತ್ತೆ ಸೊಸೆ ಬಂದಿದ್ರು. ಸೊಸೆ ಬಸಂತಿ ಆದ್ಲು, ಅತ್ತೆ ಕೆಳಗಿಂದ 'ಹೊಡಿ ಹೊಡಿ, ಜೋರಾಗಿ ಹೊಡಿ' ಅಂತ ಕೂಗಿದ್ದೇ ಕೂಗಿದ್ದು. ಇಡೀ ಹಾಲ್ ಅವರಿಗೆ ಚಪ್ಪಾಳೆ ತಟ್ತು.

ಮತ್ತೆ, ಇದು ಪರರ ಜಾಗ ಅಂತ ನನಗೆ ಯಾವತ್ತೂ ಅನಿಸಿಲ್ಲ. ಈಟಿವಿ ಕನ್ನಡದ ಸುದ್ದಿ ನಾವು ವರ್ಷಗಟ್ಟಲೆ ನೋಡಿದ್ವಲ್ಲ, ಅದು ಬರ್ತಿದ್ದದ್ದು ಇದೇ ಆವರಣದಿಂದ. 2019ರ 'ಕುರುಕ್ಷೇತ್ರ' ಸಿನಿಮಾದ ಅರಮನೆಗಳೂ ಇಲ್ಲೇ ಎದ್ದಿದ್ದು. 2024ರ ಜೂನ್ 8ರಂದು ಇದನ್ನ ಕಟ್ಟಿಸಿದ ರಾಮೋಜಿ ರಾವ್ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಓಣಿಯಲ್ಲೂ ಮಂದಿ ಪಾಪ ಅಂದ್ರು.

ಆದರೆ ಒಂದು ಮಾತು ಹೇಳಲೇಬೇಕು ಕಣ್ರಿ. ಮಾಹಿಷ್ಮತಿ ನೋಡಿ ಬಂದ ಮರುವಾರ ನಾನು ಮಳಖೇಡಕ್ಕೆ ಹೋಗ್ತೀನಿ. ನಮ್ಮ ತಾಲ್ಲೂಕೇ ತಾನೇ, ಕಾಗಿಣಾ ದಂಡೆ. ಅಮೋಘವರ್ಷ ನೃಪತುಂಗನ ರಾಜಧಾನಿ, 972ರಲ್ಲಿ ಪರಮಾರರು ಬಂದು ಲೂಟಿ ಮಾಡೋವರೆಗೂ ಮೆರೆದ ಮಾನ್ಯಖೇಟ. ಅಲ್ಲಿ ಬಡಿದ್ರೆ ಟಣ್ ಅನ್ನುತ್ತೆ, ಕಲ್ಲು ಖರೇವು. ಆದರೆ ಆ ಕೋಟೆ ಎದುರು ನಿಂತ ಮಕ್ಕಳಿಗೆ 'ಇಲ್ಲಿ ಹಿಂಗಿತ್ತು, ಅಲ್ಲಿ ಹಂಗಿತ್ತು' ಅಂತ ತೋರಿಸೋರು ಬೇಕಲ್ಲ? ರಾಮೋಜಿಯಲ್ಲಿ ಇಲ್ಲದ ರಾಜ್ಯಕ್ಕೆ ಬಸ್ಸೂ ಇದೆ, ಗೈಡೂ ಇದ್ದಾನೆ. ಅದೇ ಗೈಡಿನ ಬಾಯಿ, ಅದೇ ಕೆಂಪು ಬಸ್ಸಿನಂಥದ್ದೊಂದು ಮಳಖೇಡಕ್ಕೂ ಬರಬೇಕು ಅಂತ ನನ್ನ ಆಸೆ. ಶಾಲೆಯವರು ಮಕ್ಕಳನ್ನ ರಾಮೋಜಿಗೆ ಒಯ್ಯಲಿ, ಖಂಡಿತ ಒಯ್ಯಲಿ, ಹೋಗೋ ದಾರಿಯಲ್ಲಿ ಇಲ್ಲೂ ಒಂದು ಗಂಟೆ ನಿಲ್ಲಿಸಲಿ.

ಸರಿ, ಬೇಲಿ ಆಚೆಯವರೇ, ಈ ಸಲ ನೀವೂ ಬರ್ತೀರಲ್ಲ? ಎಳ್ಳಮಾಸಿ ಚರಗ ಚೆಲ್ಲಿದ ಮೇಲೆ ಹೋಗೋಣ, ತೊಗರಿ ರಾಶಿಯೂ ಮುಗಿದಿರುತ್ತೆ, ಅಲ್ಲಿ ಚಳಿಗಾಲದ ಉತ್ಸವ ನಡೀತಿದ್ರೆ ಸಂಜೆ ಮೆರವಣಿಗೆಯೂ ಸಿಗುತ್ತೆ. ಬೆಳಗ್ಗೆ ಒಂಬತ್ತಕ್ಕೆ ಗೇಟು ತೆರೀತಾರೆ. ಅದಕ್ಕೇ ಹಿಂದಿನ ದಿನವೇ ಹೊರಟು ದಿಲ್‌ಸುಖ್‌ನಗರದಲ್ಲಿ ನಿಮ್ಮ ತಂಗಿ ಮನೆಯಲ್ಲಿ ಉಳಿಯೋಣ. ಕಾಲಿಗೆ ಬೂಟು ಹಾಕ್ಕೊಳ್ರಿ, ಹೊಸ ಚಪ್ಪಲಿ ಬೇಡ. ಮತ್ತೆ ಮನೆಯವರನ್ನ ಕರ್ಕೊಂಡು ಬರ್ರಿ, ಟಾಂಗಾ ಮೇಲೆ ಕೂರಿಸೋಣ.